ರಾಜ್‌ದೂತ್ 350ರ ಜೋಡಿ ಕಾರ್ಬುರೇಟರ್ ಹದಕ್ಕೆ ತರುವುದು ಹೇಗೆ

ಗಾಡಿ ಸ್ಟಾರ್ಟ್ ಮಾಡಿ ಐದು ನಿಮಿಷ ಬಿಸಿಯಾಗಲು ಬಿಡಿ. ಆಮೇಲೆ ಹಿಂದೆ ಹೋಗಿ ಕುಕ್ಕರಗಾಲಲ್ಲಿ ಕೂತು, ಎರಡು ಸೈಲೆನ್ಸರ್ ಬಾಯಿಗೂ ಒಂದೊಂದು ಅಂಗೈ ಹಿಡಿಯಿರಿ. ಒಂದು ಗೇಣು ದೂರ ಇರಲಿ, ಇಲ್ಲದಿದ್ದರೆ ಸುಡುತ್ತದೆ. ಎಡಗೈಗೆ ಬಡಿಯುವ ಹೊಗೆ, ಬಲಗೈಗೆ ಬಡಿಯುವ ಹೊಗೆ ಎರಡೂ ಒಂದೇ ಸಮ ಇದೆಯಾ? ಒಂದು ಕಡೆ ಸಮವಾಗಿ, ಇನ್ನೊಂದು ಕಡೆ ತಪ್ಪಿ ತಪ್ಪಿ ಬಡಿಯುತ್ತಿದ್ದರೆ ನಿಮ್ಮ ಗಾಡಿಯ ಎರಡು ಸಿಲಿಂಡರ್‌ಗಳಲ್ಲಿ ಒಂದು ದುಡಿಯುತ್ತಿದೆ, ಇನ್ನೊಂದು ಅದರ ಬೆನ್ನ ಮೇಲೆ ಕೂತಿದೆ ಎಂದು ಅರ್ಥ. ನಿಂತಲ್ಲಿ ಇದು ಅಷ್ಟಾಗಿ ಗೊತ್ತಾಗುವುದಿಲ್ಲ. ಹೈವೇಯಲ್ಲಿ ಗೊತ್ತಾಗುತ್ತದೆ, ಅಷ್ಟರಲ್ಲಿ ತಡವಾಗಿರುತ್ತದೆ.

1973ರ ಯಮಹಾ ಆರ್‌ಡಿ350ಯನ್ನೇ ನಮ್ಮ ದೇಶದಲ್ಲಿ 1983ರಿಂದ ರಾಜ್‌ದೂತ್ 350 ಎಂದು ಮಾರಿದರು. 347 ಸಿಸಿ, ಎರಡು ಸಿಲಿಂಡರ್, ಟೂ ಸ್ಟ್ರೋಕ್. ಒಂದೊಂದು ಸಿಲಿಂಡರ್‌ಗೂ ಅದರದ್ದೇ ಕಾರ್ಬುರೇಟರ್ (ಪೆಟ್ರೋಲ್, ಗಾಳಿ ಬೆರೆಸಿ ಕೊಡುವ ಭಾಗ), ಅದರದ್ದೇ ರೀಡ್ ವಾಲ್ವ್ (ಒಳಬಂದ ಮಿಶ್ರಣ ವಾಪಸ್ ಹೋಗದಂತೆ ತಡೆಯುವ ಕವಾಟ), ಅದರದ್ದೇ ಪಾಯಿಂಟ್ (ಪ್ಲಗ್‌ಗೆ ಕಿಡಿ ಕೊಡಿಸುವ ಸ್ವಿಚ್), ಅದರದ್ದೇ ಸೈಲೆನ್ಸರ್. ಹಾಗಾಗಿ ಇದನ್ನು ಒಂದು ಎಂಜಿನ್ ಅಂದುಕೊಳ್ಳಬೇಡಿ. ಒಂದೇ ಕ್ರ್ಯಾಂಕ್‌ಗೆ ಕಟ್ಟಿದ ಎರಡು ಎಂಜಿನ್ ಅಂದುಕೊಳ್ಳಿ. ನೊಗಕ್ಕೆ ಕಟ್ಟಿದ ಜೋಡೆತ್ತಿನ ಲೆಕ್ಕ. ಮೊದಲು ಎರಡೂ ಒಂದೇ ಸಮ ಎಳೆಯುವಂತೆ ಮಾಡಬೇಕು. ಎಷ್ಟು ಎಳೆಯಬೇಕು ಅನ್ನುವುದು ಆಮೇಲಿನ ಮಾತು. ಬಹಳ ಜನ ಈ ಕ್ರಮವನ್ನೇ ತಿರುವುಮುರುವು ಮಾಡುತ್ತಾರೆ.

ನನಗೆ ಇದು ಗೊತ್ತಾಗಿದ್ದು ಕುಣಿಗಲ್ ದಾಟಿದ ಮೇಲೆ, ಹಾಸನದ ರಸ್ತೆಯಲ್ಲಿ. ಹಿಂದಿನ ವಾರವಷ್ಟೇ ಒಂದು ಗ್ಯಾರೇಜಿನಲ್ಲಿ ಟ್ಯೂನಿಂಗ್ ಮಾಡಿಸಿದ್ದೆ. ಐಡ್ಲಿಂಗ್‌ನಲ್ಲಿ, ಅಂದರೆ ಆಕ್ಸಿಲರೇಟರ್ ಬಿಟ್ಟಾಗ, ಗಾಡಿ ಆಫ್ ಆಗುತ್ತಿದೆ ಅಂದಿದ್ದಕ್ಕೆ ಅವರು ಐಡ್ಲಿಂಗ್ ಸ್ಕ್ರೂ ಒಂದು ಸುತ್ತು ಒಳಗೆ ತಿರುಗಿಸಿ "ಆಯ್ತು ಸಾರ್" ಅಂದಿದ್ದರು. ಹೈವೇಯಲ್ಲಿ ಗಾಡಿ ಮೊದಲಿಗಿಂತ ಚುರುಕಾಗಿಯೇ ಹೋಗುತ್ತಿತ್ತು. ಇದ್ದಕ್ಕಿದ್ದಂತೆ ಶಬ್ದ ಗಟ್ಟಿಯಾಯಿತು, ಹಿಂದಿನ ಚಕ್ರ ಕಚ್ಚಿಕೊಂಡಿತು. ಕ್ಲಚ್ ಮೇಲೆ ಬೆರಳಿದ್ದಿದ್ದಕ್ಕೆ ಬೀಳಲಿಲ್ಲ. ಬಲಗಡೆ ಪಿಸ್ಟನ್ ಸೀಜ್. ಬಿಚ್ಚಿ ನೋಡಿದಾಗ ಎಂಜಿನ್‌ಗೂ ಕಾರ್ಬುರೇಟರ್‌ಗೂ ನಡುವಿನ ರಬ್ಬರ್ ಬೂಟಿನ ಅಡಿಯಲ್ಲಿ ಒಂದು ಬಿರುಕು. ಅಕ್ಕಿಕಾಳಿನಷ್ಟು ಉದ್ದ, ಬೂಟನ್ನು ಬೆರಳಿನಿಂದ ಬಗ್ಗಿಸಿದರೆ ಮಾತ್ರ ಕಾಣುವಂಥದ್ದು. ಅಲ್ಲಿಂದ ಗಾಳಿ ಎಳೆದೂ ಎಳೆದೂ ಆ ಸಿಲಿಂಡರ್‌ಗೆ ಪೆಟ್ರೋಲೂ ಸಾಲದೆ, ಬಿಸಿ ತಡೆಯದೆ ಪಿಸ್ಟನ್ ಹಿಗ್ಗಿ ಗೋಡೆಗೆ ಅಂಟಿಕೊಂಡಿತ್ತು. ಸ್ಕ್ರೂ ತಿರುಗಿಸಿದ್ದು ಆ ಕಾಯಿಲೆಯನ್ನು ಮುಚ್ಚಿಟ್ಟಿತ್ತು, ಅಷ್ಟೇ.

ಅದಕ್ಕೇ ಹೇಳುತ್ತಿದ್ದೇನೆ, ಸ್ಕ್ರೂಡ್ರೈವರ್ ಕೈಗೆತ್ತಿಕೊಳ್ಳುವ ಮೊದಲು ಈ ಕೆಲಸಗಳನ್ನು ಮುಗಿಸಿ.

ಕಾರ್ಬುರೇಟರ್ ಮುಟ್ಟುವ ಮೊದಲು

ಗಾಡಿ ಐಡ್ಲಿಂಗ್‌ನಲ್ಲಿರುವಾಗ ರಬ್ಬರ್ ಬೂಟುಗಳ ಸುತ್ತ, ಸಿಲಿಂಡರ್ ಬುಡದಲ್ಲಿ ಸೋಪಿನ ನೀರನ್ನು ಸ್ಪ್ರೇ ಬಾಟಲಿಯಿಂದ ಹೊಡೆಯಿರಿ. ಎಂಜಿನ್ ಶಬ್ದ ಒಂದು ಕ್ಷಣಕ್ಕಾದರೂ ಬದಲಾದರೆ ಅಲ್ಲಿ ಗಾಳಿ ಎಳೆಯುತ್ತಿದೆ. ಕೆಲವರು ಇದಕ್ಕೆ ಡಬ್ಲ್ಯುಡಿ-40 ಹೊಡೆಯುತ್ತಾರೆ. ಅದು ಇನ್ನೂ ಚೆನ್ನಾಗಿ ತೋರಿಸಿಕೊಡುತ್ತದೆ, ಆದರೆ ಬಿಸಿ ಸೈಲೆನ್ಸರ್ ಪಕ್ಕದಲ್ಲಿ ಹೊತ್ತಿಕೊಳ್ಳುವ ವಸ್ತು ಅದು. ನಾನಂತೂ ಸೋಪಿನ ನೀರೇ ಸಾಕು ಅನ್ನುತ್ತೇನೆ. ಬೂಟು ಹಳೆಯದಾಗಿ ಗಟ್ಟಿಯಾಗಿದ್ದರೆ ಪರೀಕ್ಷೆಯೂ ಬೇಡ, ಎರಡನ್ನೂ ಬದಲಿಸಿಬಿಡಿ.

ಕ್ರ್ಯಾಂಕ್ ಸೀಲ್‌ಗಳ (ಕ್ರ್ಯಾಂಕ್‌ನ ಎರಡು ತುದಿಯಲ್ಲಿ ಗಾಳಿ, ಆಯಿಲ್ ತಡೆಯುವ ರಬ್ಬರ್ ಉಂಗುರಗಳು) ಕಡೆಗೂ ಗಮನ ಕೊಡಿ. ಕ್ಲಚ್ ಇರುವ ಬಲಗಡೆಯ ಸೀಲ್ ಹೋಗಿದ್ದರೆ ಗೇರ್‌ಬಾಕ್ಸ್ ಆಯಿಲ್ ಎಂಜಿನ್ ಒಳಕ್ಕೆ ಸೇರುತ್ತದೆ. ಬಿಸಿಯಾದರೂ ನಿಲ್ಲದ ಬಿಳಿ ಹೊಗೆ, ಗೇರ್ ಆಯಿಲ್ ಕಡಿಮೆಯಾಗುತ್ತಾ ಹೋಗುವುದು ಇದರ ಗುರುತು. ಎಡಗಡೆಯ ಸೀಲ್ ಹೋಗಿದ್ದರೆ ಬರೀ ಗಾಳಿ ಎಳೆಯುತ್ತದೆ. ಹೊಗೆ ಇಲ್ಲ, ಕಣ್ಣಿಗೆ ಕಾಣುವ ಗುರುತೂ ಇಲ್ಲ. ಇದೇ ಹೆಚ್ಚು ಅಪಾಯ. ರೇಸ್ ಕೊಟ್ಟು ಬಿಟ್ಟಾಗ ಆರ್‌ಪಿಎಂ ತಕ್ಷಣ ಇಳಿಯದೆ ಮೇಲೆಯೇ ತೂಗಾಡುತ್ತಿದ್ದರೆ, ಬೂಟುಗಳೂ ಸರಿ ಇದ್ದರೆ, ಈ ಸೀಲ್ ಮೇಲೆ ಅನುಮಾನ ಪಡಿ. ಸೀಲ್ ಹೋದ ಎಂಜಿನ್‌ಗೆ ಯಾವ ಜೆಟ್ಟೂ (ಕಾರ್ಬುರೇಟರ್ ಒಳಗೆ ಪೆಟ್ರೋಲ್ ಅಳೆದು ಬಿಡುವ ಸಣ್ಣ ತೂತಿನ ಹಿತ್ತಾಳೆ ತಿರುಪು) ಹೊಂದುವುದಿಲ್ಲ.

ಪಾಯಿಂಟ್‌ಗಳು ಎರಡು ಜೊತೆ ಇವೆ. ಎರಡರ ಗ್ಯಾಪ್ 0.3ರಿಂದ 0.4 ಮಿ.ಮೀ. ಒಳಗೆ, ಒಂದೇ ಅಳತೆಗೆ ಇಡಿ. ಟೈಮಿಂಗ್ (ಕಿಡಿ ಹಾರುವ ಕ್ಷಣ) ಕೂಡ ಒಂದೊಂದು ಸಿಲಿಂಡರ್‌ಗೂ ಬೇರೆ ಬೇರೆಯಾಗಿಯೇ ನೋಡಬೇಕು. ಪ್ಲಗ್ ತೂತಿಗೆ, ಪಿಸ್ಟನ್ ಎಲ್ಲಿದೆ ಎಂದು ತೋರಿಸುವ ಡಯಲ್ ಗೇಜ್ ಹಾಕಿ ಮ್ಯಾನುಯಲ್‌ನಲ್ಲಿರುವ ಅಳತೆಗೆ ಕೂರಿಸಿ. ಪ್ಲಗ್‌ಗಳು ಹೊಸದಿರಲಿ, ಒಂದೇ ಕಂಪನಿಯ ಒಂದೇ ನಂಬರ್‌ನದ್ದಿರಲಿ. ಕಾರ್ಬುರೇಟರ್ ಮೇಲೆ ಬರುವ ದೂರುಗಳಲ್ಲಿ ಅರ್ಧಕ್ಕರ್ಧ ಪಾಯಿಂಟ್‌ನಲ್ಲೇ ತೀರಿಹೋಗುತ್ತವೆ ಎಂಬುದು ನನ್ನ ಅನುಭವ. ಏರ್ ಫಿಲ್ಟರ್ ಒಗೆದು ಒಣಗಿಸಿ ಹಾಕಿ. ಸೈಲೆನ್ಸರ್ ಒಳಗಿನ ಬ್ಯಾಫಲ್‌ಗೆ (ಶಬ್ದ ತಗ್ಗಿಸುವ ಒಳಕೊಳವೆ) ಕಟ್ಟಿದ ಕಾರ್ಬನ್ ಎರಡೂ ಕಡೆ ತೆಗೆಯಿರಿ. ಇಷ್ಟಾದ ಮೇಲೆ ಕಾರ್ಬುರೇಟರ್.

ಬಿಚ್ಚುವುದು, ತೊಳೆಯುವುದು

ಇವು ಮಿಕುನಿ ಕಂಪನಿಯ ವಿಎಂ ಜಾತಿಯ ರೌಂಡ್ ಸ್ಲೈಡ್ ಕಾರ್ಬುರೇಟರ್‌ಗಳು. ಸ್ಲೈಡ್ ಅಂದರೆ ಆಕ್ಸಿಲರೇಟರ್ ತಿರುಗಿಸಿದಾಗ ಮೇಲೆದ್ದು ಗಾಳಿಯ ದಾರಿ ತೆರೆಯುವ ದುಂಡನೆಯ ತುಂಡು. ಬಹಳ ಸರಳವಾದ ಯಂತ್ರ. ಒಂದನ್ನು ಪೂರ್ತಿ ಬಿಚ್ಚಿ, ತೊಳೆದು, ಜೋಡಿಸಿ ಆದಮೇಲೆಯೇ ಇನ್ನೊಂದಕ್ಕೆ ಕೈ ಹಾಕಿ. ಎರಡೂ ಕಡೆಯ ಸಾಮಾನು ಒಂದೇ ತಟ್ಟೆಯಲ್ಲಿ ಬೆರೆಯಬಾರದು. ಸವೆದ ಸ್ಲೈಡ್‌ಗೆ ಅದರದ್ದೇ ಬಾಡಿ ಒಗ್ಗಿಕೊಂಡಿರುತ್ತದೆ.

ಸ್ಕ್ರೂಗಳ ತಲೆ ನೋಡಲು ಸಾಮಾನ್ಯ ಪ್ಲಸ್ ತಲೆಯಂತಿದ್ದರೂ ಅವು ಜಪಾನಿನ ಜೆಐಎಸ್ ಅಳತೆಯವು. ಮಾಮೂಲಿ ಸ್ಟಾರ್ ಸ್ಕ್ರೂಡ್ರೈವರ್ ಹಾಕಿದರೆ ಜಾರಿ ತಲೆ ತಿಂದುಹೋಗುತ್ತದೆ. ಒಂದು ಜೆಐಎಸ್ ಸ್ಕ್ರೂಡ್ರೈವರ್ ತೆಗೆದಿಟ್ಟುಕೊಳ್ಳಿ, ಆಯುಷ್ಯಪೂರ್ತಿ ಬರುತ್ತದೆ. ಹಿತ್ತಾಳೆಯ ಜೆಟ್‌ಗಳಿಗೆ ಅದರ ಸೀಳಿಗೆ ಸರಿಯಾಗಿ ಕೂರುವ ಚಪ್ಪಟೆ ಸ್ಕ್ರೂಡ್ರೈವರ್ ಬೇಕು. ಹಿತ್ತಾಳೆ ಮೆದು. ಒಂದು ಸಲ ಸೀಳು ಹರಿದರೆ ಪೈಲಟ್ ಜೆಟ್ (ಐಡ್ಲಿಂಗ್‌ಗೆ ಪೆಟ್ರೋಲ್ ಕೊಡುವ ಜೆಟ್) ಒಳಗೇ ಉಳಿಯುತ್ತದೆ.

ಬಿಚ್ಚುವ ಮೊದಲು ಏರ್ ಸ್ಕ್ರೂ (ಐಡ್ಲಿಂಗ್‌ಗೆ ಗಾಳಿ ಅಳೆಯುವ ತಿರುಪು) ಈಗ ಎಷ್ಟು ಸುತ್ತು ಹೊರಗಿದೆ ಎಂದು ಎಣಿಸಿ ಬರೆದಿಡಿ. ಮೆಲ್ಲಗೆ ಒಳಗೆ ತಿರುಗಿಸುತ್ತಾ ಹೋಗಿ, ತಾಗಿದ ಕೂಡಲೇ ನಿಲ್ಲಿಸಿ. ಬಿಗಿದರೆ ಅದರ ಚೂಪು ತುದಿ ಹಾಳಾಗುತ್ತದೆ.

ಜೆಟ್‌ಗಳನ್ನು ಕಾರ್ಬ್ ಕ್ಲೀನರ್‌ನಲ್ಲಿ ನೆನೆಸಿ, ಗಾಳಿ ಹೊಡೆಯಿರಿ. ತಂತಿ ಹಾಕಿ ಚುಚ್ಚಬೇಡಿ. ಈ ತಪ್ಪನ್ನು ಗ್ಯಾರೇಜುಗಳಲ್ಲಿ ದಿನಾ ನೋಡುತ್ತೇವೆ, ನೋಡಿದಾಗೆಲ್ಲ ಸಂಕಟವಾಗುತ್ತದೆ. ಜೆಟ್‌ನ ತೂತು ಎಷ್ಟು ಸಣ್ಣದೆಂದರೆ ಒಂದು ಗೀರು ಬಿದ್ದರೂ ಅದರ ನಂಬರ್ ಸುಳ್ಳಾಗುತ್ತದೆ. ಮೊಂಡು ಕೊಳೆ ಇದ್ದರೆ ಮೀನು ಹಿಡಿಯುವ ತೆಳು ನೈಲಾನ್ ದಾರ ತೂರಿಸಿ ಎಳೆಯಿರಿ. ಆಮೇಲೆ ಜೆಟ್ಟನ್ನು ಎರಡು ಬೆರಳಲ್ಲಿ ಹಿಡಿದು ಕಿಟಕಿಯ ಬೆಳಕಿಗೆ ಕಣ್ಣಿನ ಹತ್ತಿರ ತನ್ನಿ. ತೂತು ದುಂಡಗೆ, ಅಂಚು ಚೊಕ್ಕವಾಗಿ, ಬೆಳಕು ಒಂದೇ ಚುಕ್ಕಿಯಾಗಿ ಕಾಣಬೇಕು. ಹಳೆಯ ಪೆಟ್ರೋಲ್ ಒಣಗಿದ್ದರೆ ಅಂಚಿನಲ್ಲಿ ಕಂದು ಮೇಣದಂಥ ಪೊರೆ ಕಾಣುತ್ತದೆ. ಅದೊಂದು ಕೂದಲೆಳೆಯಷ್ಟು ಪೊರೆ ಸಾಕು, ಒಂದು ಸಿಲಿಂಡರ್ ಐಡ್ಲಿಂಗ್‌ನಲ್ಲಿ ಸುಮ್ಮನಾಗಲು.

ಎರಡು ಕಾರ್ಬುರೇಟರ್‌ಗಳ ಜೆಟ್ ನಂಬರ್, ನೀಡಲ್ (ಸ್ಲೈಡಿನಿಂದ ಇಳಿಬಿದ್ದ ಸೂಜಿ) ನಂಬರ್, ಸ್ಲೈಡ್ ಮೇಲಿನ ನಂಬರ್ ಒಂದೇ ಇದೆಯಾ ನೋಡಿ. ನಲವತ್ತು ವರ್ಷದಲ್ಲಿ ಎಷ್ಟೋ ಕೈ ದಾಟಿ ಬಂದ ಗಾಡಿಗಳಿವು. ಎಡಕ್ಕೊಂದು, ಬಲಕ್ಕೊಂದು ನಂಬರ್ ಇರುವುದನ್ನು ನಾನೇ ಕಂಡಿದ್ದೇನೆ. ಸ್ಲೈಡ್ ವಾಪಸ್ ಹಾಕುವಾಗ ಅದರ ಕತ್ತರಿಸಿದ ಬದಿ ಏರ್ ಫಿಲ್ಟರ್ ಕಡೆಗಿರಬೇಕು. ಒಂದೊಂದು ಸಲ ಎಡದ್ದು ಬಲಕ್ಕೆ ಹಾಕಿ ಜನ ತಿಂಗಳುಗಟ್ಟಲೆ ಪರದಾಡುತ್ತಾರೆ.

ಕಾರ್ಬುರೇಟರ್ ಕೆಳಗಿನ ಬೌಲಿನಲ್ಲಿ ಪೆಟ್ರೋಲ್ ಮಟ್ಟ ಕಾಯುವ ಫ್ಲೋಟ್‌ನ ಎತ್ತರವನ್ನು ಬಾಡಿ ಬೋರಲು ಹಿಡಿದು, ಗ್ಯಾಸ್ಕೆಟ್ ತೆಗೆದು ಅಳೆಯಿರಿ. ಮ್ಯಾನುಯಲ್‌ನ ಅಳತೆಗೆ ಎರಡೂ ಸರಿಹೊಂದಬೇಕು. ಇಲ್ಲಿ ತಪ್ಪಿದರೆ ಮುಂದಿನ ಯಾವ ಹೆಜ್ಜೆಯೂ ನೆಟ್ಟಗಾಗುವುದಿಲ್ಲ, ಯಾಕೆಂದರೆ ಪ್ರತಿ ಜೆಟ್ಟೂ ಕುಡಿಯುವುದು ಈ ಬೌಲಿನಿಂದಲೇ. ಹಿತ್ತಾಳೆ ಫ್ಲೋಟ್ ಆಗಿದ್ದರೆ ಕಿವಿ ಹತ್ತಿರ ಅಲ್ಲಾಡಿಸಿ. ಒಳಗೆ ಪೆಟ್ರೋಲ್ ಸೇರಿದ್ದರೆ ಕುಲುಕುವ ಶಬ್ದ ಕೇಳುತ್ತದೆ.

ಈಗಿನ ಪೆಟ್ರೋಲಿನ ವಿಷಯ

ಈ ಗಾಡಿ ಮಾಡಿದಾಗ ಬಂಕಿನಲ್ಲಿ ಬರೀ ಪೆಟ್ರೋಲ್ ಸಿಗುತ್ತಿತ್ತು. ಈಗ ಸಿಗುವುದು ಶೇ. 20 ಎಥನಾಲ್ ಬೆರೆತ ಇ20. ಬರೀ ಪೆಟ್ರೋಲ್ ಪೂರ್ತಿ ಉರಿಯಲು ಅದರ ತೂಕದ 14.7 ಪಟ್ಟು ಗಾಳಿ ಬೇಕು. ಎಥನಾಲ್‌ಗೆ ಸುಮಾರು 9 ಪಟ್ಟು ಸಾಕು. ಇ20ಗೆ ಬಂದಾಗ ಅದು 13.5ರ ಆಸುಪಾಸಿಗೆ ಇಳಿಯುತ್ತದೆ. ಇಂಜೆಕ್ಷನ್ ಗಾಡಿಯಾದರೆ ಸೆನ್ಸರ್ ಇದನ್ನು ಕಂಡುಹಿಡಿದು ಪೆಟ್ರೋಲ್ ಜಾಸ್ತಿ ಕೊಡುತ್ತದೆ. ನಮ್ಮ ಕಾರ್ಬುರೇಟರ್‌ಗೆ ಆ ಬುದ್ಧಿ ಎಲ್ಲಿಂದ ಬರಬೇಕು? ಅದೇ ಜೆಟ್, ಅದೇ ಅಳತೆ. ಅಂದರೆ 1983ರ ಸೆಟ್ಟಿಂಗ್ ಈಗ ತಾನಾಗಿಯೇ ಶೇ. 8ರಷ್ಟು ಲೀನ್ ಆಗಿದೆ, ಅಂದರೆ ಗಾಳಿಗೆ ತಕ್ಕಷ್ಟು ಪೆಟ್ರೋಲ್ ಇಲ್ಲ. ಅದಕ್ಕೆ ಮ್ಯಾನುಯಲ್‌ನ ಮೇನ್ ಜೆಟ್‌ಗಿಂತ (ಆಕ್ಸಿಲರೇಟರ್ ಪೂರ್ತಿ ತೆರೆದಾಗ ದುಡಿಯುವ ಜೆಟ್) ಒಂದು ನಂಬರ್ ದೊಡ್ಡದರಿಂದ ಶುರುಮಾಡಿ, ನೀಡಲ್ ಕ್ಲಿಪ್ ಒಂದು ಕಚ್ಚು ಕೆಳಗೆ ಹಾಕಿ. ಕ್ಲಿಪ್ ಕೆಳಗಿಳಿದರೆ ನೀಡಲ್ ಮೇಲೇರುತ್ತದೆ, ಪೆಟ್ರೋಲ್ ಜಾಸ್ತಿ ಬರುತ್ತದೆ. ಹಳೆಯ ರಬ್ಬರ್ ಪೈಪ್, ಓ-ರಿಂಗ್‌ಗಳನ್ನೂ ಎಥನಾಲ್ ಉಬ್ಬಿಸುತ್ತದೆ, ಅವನ್ನು ಹೊಸತು ಹಾಕಿಬಿಡಿ.

ಇನ್ನೊಂದು ಮಾತು. ರಾಜ್‌ದೂತ್‌ನಲ್ಲಿ ಎಚ್‌ಟಿ (ಹೈ ಟಾರ್ಕ್), ಎಲ್‌ಟಿ (ಲೋ ಟಾರ್ಕ್) ಎಂದು ಎರಡು ಬಗೆ ಇವೆ, ಪವರ್ ಬೇರೆ ಬೇರೆ. ಸೈಲೆನ್ಸರ್ ಬದಲಿಸಿದವರ ಲೆಕ್ಕವೇ ಬೇರೆ. ಗೆಳೆಯನ ಗಾಡಿಯ ಜೆಟ್ ನಂಬರ್ ಕೇಳಿ ನಿಮ್ಮದಕ್ಕೆ ಹಾಕಬೇಡಿ.

ಎರಡನ್ನೂ ಒಂದೇ ಸಮ ಮಾಡುವುದು

ಇಲ್ಲಿ ಆತುರ ಬೇಡ. ಭಾನುವಾರ ಬೆಳಿಗ್ಗೆ ಪೂರ್ತಿ ಇದಕ್ಕೇ ಇಟ್ಟುಕೊಳ್ಳಿ. ಮೈಸೂರಿನ ಜಾವಾ, ಯೆಜ್ಡಿ 250 ಇಟ್ಟುಕೊಂಡವರು ಈ ಭಾಗ ಬಿಟ್ಟು ಮುಂದೆ ಹೋಗಬಹುದು. ಅವಕ್ಕೆ ಸೈಲೆನ್ಸರ್ ಎರಡಿದ್ದರೂ ಸಿಲಿಂಡರ್ ಒಂದೇ, ಕಾರ್ಬುರೇಟರೂ ಒಂದೇ.

ಆಕ್ಸಿಲರೇಟರ್‌ನಿಂದ ಹೊರಡುವ ಒಂದು ಕೇಬಲ್ ಟ್ಯಾಂಕ್ ಕೆಳಗೆ ಮೂರಾಗಿ ಒಡೆಯುತ್ತದೆ. ಎರಡು ಕಾರ್ಬುರೇಟರ್‌ಗೆ, ಮೂರನೆಯದು ಟೂ ಸ್ಟ್ರೋಕ್ ಆಯಿಲನ್ನು ತಾನೇ ಎಂಜಿನ್‌ಗೆ ಕೊಡುವ ಆಟೋಲ್ಯೂಬ್ ಆಯಿಲ್ ಪಂಪ್‌ಗೆ. ಮೂರೂ ಒಂದಕ್ಕೊಂದು ಹೊಂದಬೇಕು.

ಏರ್ ಬಾಕ್ಸ್ (ಏರ್ ಫಿಲ್ಟರ್ ಇರುವ ಡಬ್ಬಿ) ತೆಗೆದು ಕಾರ್ಬುರೇಟರ್‌ಗಳ ಬಾಯಿ ಕಾಣುವಂತೆ ಮಾಡಿಕೊಳ್ಳಿ. ಎರಡೂ ಐಡ್ಲಿಂಗ್ ಸ್ಕ್ರೂಗಳನ್ನು ಪೂರ್ತಿ ಹೊರಗೆ ತಿರುಗಿಸಿ, ಕೇಬಲ್ ಅಡ್ಜಸ್ಟರ್‌ಗಳನ್ನು ಸಡಿಲ ಮಾಡಿ. ಸ್ಲೈಡ್‌ಗಳು ತಳಕ್ಕೆ 'ಟಕ್' ಎಂದು ಕೂರಬೇಕು. ಈಗ ಒಂದು 2 ಮಿ.ಮೀ. ಡ್ರಿಲ್ ಬಿಟ್ ತೆಗೆದುಕೊಂಡು ಅದರ ನುಣುಪಾದ ಹಿಂಬದಿಯನ್ನು ಎಡ ಸ್ಲೈಡಿನ ಕೆಳಗೆ ತೂರಿಸಿ. ಐಡ್ಲಿಂಗ್ ಸ್ಕ್ರೂ ಒಳಗೆ ತಿರುಗಿಸುತ್ತಾ ಬನ್ನಿ. ಬಿಟ್ ಎಳೆದರೆ ಸ್ವಲ್ಪ ತಡೆದು ಜಾರಿಕೊಂಡು ಬರಬೇಕು, ಹೊಸ ಪುಸ್ತಕದ ಹಾಳೆಗಳ ನಡುವಿನಿಂದ ನವಿಲುಗರಿ ಎಳೆದ ಹಾಗೆ. ಅದೇ ಬಿಟ್ ಬಲಕ್ಕೂ ಹಾಕಿ, ಅದೇ ಬಿಗಿಗೆ ತನ್ನಿ. ಬಿಟ್‌ನ ಅಳತೆ ಇಲ್ಲಿ ಮುಖ್ಯವಲ್ಲ. ಎರಡೂ ಕಡೆ ಕೈಗೆ ಸಿಗುವ ಬಿಗಿ ಒಂದೇ ಇರುವುದು ಮುಖ್ಯ.

ಆಮೇಲೆ ಕೇಬಲ್. ಕಾರ್ಬುರೇಟರ್ ಮುಚ್ಚಳದ ಹತ್ತಿರ ಹೊರಗವಚ ಹಿಡಿದು ಮೇಲೆಳೆದರೆ ಎರಡೂ ಕಡೆ ಸುಮಾರು 1 ಮಿ.ಮೀ. ಆಟ ಇರಬೇಕು. ಈಗ ಒಂದು ಕಾರ್ಬುರೇಟರ್ ಬಾಯಿಗೆ ಎಡಗೈ ಬೆರಳು, ಇನ್ನೊಂದಕ್ಕೆ ಬಲಗೈ ಬೆರಳು ಹಾಕಿ ಸ್ಲೈಡಿನ ಅಂಚು ಮುಟ್ಟಿಕೊಂಡಿರಿ. ಮನೆಯಲ್ಲಿ ಯಾರನ್ನಾದರೂ ಕರೆದು ಆಕ್ಸಿಲರೇಟರ್ ಮೆಲ್ಲ ಮೆಲ್ಲಗೆ ತಿರುಗಿಸಲು ಹೇಳಿ. ಎರಡೂ ಒಂದೇ ಕ್ಷಣಕ್ಕೆ ಮೇಲೇಳಬೇಕು. ಕಣ್ಣಿಗಿಂತ ಬೆರಳಿಗೆ ಇದು ಚೆನ್ನಾಗಿ ಗೊತ್ತಾಗುತ್ತದೆ. ಕಣ್ಣು ಮುಚ್ಚಿಕೊಂಡರೆ ಇನ್ನೂ ಒಳ್ಳೆಯದು. ಹಿಂದೆ ಬಿದ್ದದ್ದರ ಅಡ್ಜಸ್ಟರನ್ನು ಕಾಲು ಸುತ್ತು ಮೇಲೆತ್ತಿ, ಮತ್ತೆ ನೋಡಿ. ನನ್ನ ಮಗಳು ಎಂಟು ವರ್ಷದವಳಿದ್ದಾಗಿನಿಂದ ನನಗೆ ಈ ಆಕ್ಸಿಲರೇಟರ್ ಹಿಡಿಯುವವಳು. ಅವಸರಪಡದೆ ತಿರುಗಿಸುವವರು ಬೇಕು, ಅವಳಷ್ಟು ನಿಧಾನ ಬೇರೆ ಯಾರಿಗೂ ಬರುವುದಿಲ್ಲ. ಕೊನೆಗೆ ಪೂರ್ತಿ ತಿರುಗಿಸಿದಾಗ ಎರಡೂ ಸ್ಲೈಡ್ ಕೊಳವೆಯಿಂದ ಪೂರ್ತಿ ಮೇಲಕ್ಕೆ ಸರಿದಿವೆಯಾ ನೋಡಿ. ಹ್ಯಾಂಡಲ್ ಎಡಕ್ಕೆ, ಬಲಕ್ಕೆ ಕೊನೆಯವರೆಗೂ ತಿರುಗಿಸಿ ಕೇಬಲ್ ಎಳೆದುಕೊಳ್ಳುತ್ತಿಲ್ಲ ಎಂದು ಖಾತ್ರಿ ಮಾಡಿಕೊಳ್ಳಿ.

ಇದಾದ ಕೂಡಲೇ ಆಯಿಲ್ ಪಂಪ್ ನೋಡಿ, ನಾಳೆಗೆ ಬಿಡಬೇಡಿ. ಕಾರ್ಬುರೇಟರ್ ಕೇಬಲ್ ಮುಟ್ಟಿದರೆ ಪಂಪಿನ ಲೆಕ್ಕವೂ ಬದಲಾಗಿರುತ್ತದೆ. ಪಂಪಿನ ಚಕ್ರದ ಮೇಲಿನ ಗುರುತು ಪಿನ್ನಿಗೆ ಹೊಂದುವುದನ್ನು ಮ್ಯಾನುಯಲ್ ಹೇಳಿದಂತೆ ಸರಿಮಾಡಿ. ಇದು ಹಿಂದೆ ಬಿದ್ದರೆ ರೇಸ್ ಏರಿದಂತೆ ಪೆಟ್ರೋಲ್ ಬರುತ್ತದೆ, ಆಯಿಲ್ ಅದಕ್ಕೆ ತಕ್ಕಷ್ಟು ಬರುವುದಿಲ್ಲ.

ಐಡ್ಲಿಂಗ್ ಮತ್ತು ಏರ್ ಸ್ಕ್ರೂ

ಏರ್ ಬಾಕ್ಸ್ ವಾಪಸ್ ಕೂರಿಸಿ. ಅದಿಲ್ಲದೆ ಮಾಡಿದ ಸೆಟ್ಟಿಂಗ್‌ಗೆ ಅರ್ಥವಿಲ್ಲ. ಎರಡೂ ಏರ್ ಸ್ಕ್ರೂ ಒಂದೂವರೆ ಸುತ್ತು ಹೊರಗಿಡಿ. ಗಾಡಿಯನ್ನು ಒಂದು ಐದಾರು ಕಿ.ಮೀ. ಓಡಿಸಿ ಬಿಸಿ ಮಾಡಿ. ಗಾಳಿಯಿಂದಲೇ ತಣಿಯುವ ಎಂಜಿನ್ ಇದು, ನಿಂತಲ್ಲಿ ಬೇಗ ಕಾಯುತ್ತದೆ. ಮನೆಯ ಟೇಬಲ್ ಫ್ಯಾನ್ ತಂದು ಸಿಲಿಂಡರ್ ಎದುರು ಇಡಿ. ಬಾಗಿಲು ತೆಗೆದ ಜಾಗದಲ್ಲೇ ಮಾಡಿ.

ವಿಎಂ ಕಾರ್ಬುರೇಟರ್‌ನಲ್ಲಿ ಈ ಸ್ಕ್ರೂ ಗಾಳಿಯನ್ನು ಅಳೆಯುತ್ತದೆ, ಪೆಟ್ರೋಲನ್ನಲ್ಲ. ಒಳಗೆ ತಿರುಗಿಸಿದರೆ ಗಾಳಿ ಕಡಿಮೆ, ಅಂದರೆ ರಿಚ್. ಹೊರಗೆ ತಿರುಗಿಸಿದರೆ ಲೀನ್. ಎಡಗಡೆಯದನ್ನು ಕಾಲು ಕಾಲು ಸುತ್ತು ತಿರುಗಿಸಿ, ಪ್ರತಿ ಸಲ ಹತ್ತು ಸೆಕೆಂಡ್ ಕಾಯಿರಿ. ಆರ್‌ಪಿಎಂ ಏರಿ ಏರಿ ಒಂದು ಕಡೆ ಬಂದು ಇಳಿಯಲು ಶುರುವಾಗುತ್ತದೆ. ಏರಿದ ತುದಿಯಲ್ಲಿ ನಿಲ್ಲಿಸಿ, ಅಲ್ಲಿಂದ ಕೂದಲಷ್ಟು ಒಳಕ್ಕೆ. ಟೂ ಸ್ಟ್ರೋಕ್‌ಗೆ ಒಂದಿಷ್ಟು ರಿಚ್ ಇರುವುದೇ ಕ್ಷೇಮ. ಬಲಗಡೆಯೂ ಹಾಗೆಯೇ. ಒಂದು ಸುತ್ತಿಗಿಂತ ಒಳಗೆ ಬಂದರೆ ಮಾತ್ರ ಸರಿಯಾಗುತ್ತದೆ ಅನ್ನುವುದಾದರೆ ಪೈಲಟ್ ಜೆಟ್ ಸಣ್ಣದಾಗಿದೆ ಅಥವಾ ಕಟ್ಟಿದೆ. ಎರಡೂವರೆ ಸುತ್ತು ದಾಟಿ ಹೊರಗೆ ಹೋದರೆ ಪೈಲಟ್ ಜೆಟ್ ದೊಡ್ಡದಾಯಿತು.

ಈಗ ಎರಡೂ ಐಡ್ಲಿಂಗ್ ಸ್ಕ್ರೂಗಳನ್ನು ಸಮಸಮವಾಗಿ ಏರಿಸಿ ಆರ್‌ಪಿಎಂ 2000ಕ್ಕೆ ತನ್ನಿ. ಎಡ ಪ್ಲಗ್‌ನ ಕ್ಯಾಪ್ ತೆಗೆದು ಅದಕ್ಕೊಂದು ಬೇರೆ ಪ್ಲಗ್ ಸಿಕ್ಕಿಸಿ ಸಿಲಿಂಡರ್ ರೆಕ್ಕೆಗೆ ತಾಗಿಸಿ ಕಟ್ಟಿ. ಸುಮ್ನೆ ಹಾಗೇ ಬಿಟ್ಟರೆ ಕಾಯಿಲ್‌ಗೆ ಪೆಟ್ಟು, ಪೆಟ್ರೋಲ್ ಹತ್ತಿರ ಕಿಡಿಯೂ ಹಾರುತ್ತದೆ. ಬಲ ಸಿಲಿಂಡರ್ ಒಂದೇ ಓಡುವಾಗ ಆರ್‌ಪಿಎಂ ಎಲ್ಲಿಗಿಳಿಯಿತು ನೋಡಿ. ಆಮೇಲೆ ಎಡ ಒಂದನ್ನೇ ಓಡಿಸಿ. ಎರಡೂ ಒಂದೇ ಜಾಗಕ್ಕೆ ಇಳಿಯಬೇಕು. ಇಳಿಯದಿದ್ದರೆ ಸೋತ ಕಡೆಯ ಐಡ್ಲಿಂಗ್ ಸ್ಕ್ರೂ ಸ್ವಲ್ಪ ಒಳಗೆ. ಸಮವಾದ ಮೇಲೆ ಎರಡನ್ನೂ ಒಂದೇ ಅಳತೆ ಹೊರಗೆ ತಿರುಗಿಸಿ ಸುಮಾರು 1200ಕ್ಕೆ ಇಳಿಸಿ. ಐಡ್ಲಿಂಗ್ ಸ್ಕ್ರೂ ಕದಲಿದ್ದರೆ ಕೇಬಲ್ ಆಟ ಮತ್ತೊಮ್ಮೆ ನೋಡಬೇಕು. ಅಂಗೈ ಪರೀಕ್ಷೆಯನ್ನು ಈಗ ಮತ್ತೆ ಮಾಡಿ.

ರಸ್ತೆಯಲ್ಲಿ

ಆಕ್ಸಿಲರೇಟರ್ ಹಿಡಿ ಮತ್ತು ಅದರ ಪಕ್ಕದ ಸ್ವಿಚ್ ಡಬ್ಬಿಯ ಮೇಲೆ ಬಿಳಿ ಟೇಪ್ ಅಂಟಿಸಿ, ಕಾಲು, ಅರ್ಧ, ಮುಕ್ಕಾಲು, ಪೂರ್ತಿ ಎಂದು ಗೆರೆ ಎಳೆದುಕೊಳ್ಳಿ. ಗಾಡಿಯ ಸ್ಪೀಡ್ ಎಷ್ಟಿದೆ ಅನ್ನುವುದು ಇಲ್ಲಿ ಲೆಕ್ಕಕ್ಕಿಲ್ಲ. ಆಕ್ಸಿಲರೇಟರ್ ಎಷ್ಟು ತೆರೆದಿದೆ ಅನ್ನುವುದೇ ಲೆಕ್ಕ. ಎಂಟನೇ ಒಂದು ಭಾಗದವರೆಗೆ ಪೈಲಟ್ ಜೆಟ್, ಏರ್ ಸ್ಕ್ರೂ. ಅಲ್ಲಿಂದ ಕಾಲು ಭಾಗದವರೆಗೆ ಸ್ಲೈಡಿನ ಕತ್ತರಿಸಿದ ಬದಿ. ಕಾಲಿನಿಂದ ಮುಕ್ಕಾಲಿನವರೆಗೆ ನೀಡಲ್. ಅದರಾಚೆ ಮೇನ್ ಜೆಟ್. ಯಾವ ಗೆರೆಯಲ್ಲಿ ತೊಂದರೆಯೋ ಆ ಭಾಗವನ್ನಷ್ಟೇ ಮುಟ್ಟಿ, ಒಂದು ಸಲಕ್ಕೆ ಒಂದೇ ಬದಲಾವಣೆ, ಎರಡೂ ಕಾರ್ಬುರೇಟರ್‌ಗೆ.

ರಿಚ್ ಆಗಿದ್ದರೆ ಗಾಡಿ ಗುಡುಗುಡು ಎಂದು ಒಂದು ಬಿಟ್ಟು ಒಂದು ಉರಿದಂತೆ ಓಡುತ್ತದೆ. ಹೊಗೆ ಜಾಸ್ತಿ, ಪಿಕಪ್ ಮಂಕು. ಲೀನ್ ಆಗಿದ್ದರೆ ಒಂದೇ ಸಮ ಹಿಡಿದರೂ ಮುಂದಕ್ಕೆ ಹಿಂದಕ್ಕೆ ತೂಗಿದಂತೆ ಎಳೆಯುತ್ತದೆ, ಶಬ್ದ ಒಣಗಿದಂತೆ ತೆಳ್ಳಗಾಗುತ್ತದೆ. ಲೀನ್ ಗಾಡಿ ಕೆಲವೊಮ್ಮೆ ಬಹಳ ಚುರುಕಾಗಿ ಓಡುತ್ತದೆ. ನನ್ನದೂ ಕುಣಿಗಲ್‌ವರೆಗೆ ಹಾಗೇ ಓಡಿತ್ತು.

ಮೇನ್ ಜೆಟ್ ನೋಡಲು ಹೊಸ ಪ್ಲಗ್ ಹಾಕಿ, ಜನ, ವಾಹನ ಇಲ್ಲದ ನೇರ ದಾರಿಯಲ್ಲಿ, ಹೆಲ್ಮೆಟ್, ಜಾಕೆಟ್ ಹಾಕಿಕೊಂಡು, ಮೂರನೇ ಗೇರಿನಲ್ಲಿ ಕೆಲವು ಸೆಕೆಂಡ್ ಪೂರ್ತಿ ಕೊಡಿ. ಪೂರ್ತಿ ತೆರೆದಿರುವಾಗಲೇ ಎಂಜಿನ್ ಆಫ್ ಮಾಡಿ ಕ್ಲಚ್ ಹಿಡಿದು ನಿಲ್ಲಿಸಿ. ಐಡ್ಲಿಂಗ್‌ಗೆ ಬಂದರೆ ಪ್ಲಗ್‌ನ ಬಣ್ಣ ಸುಳ್ಳು ಹೇಳುತ್ತದೆ. ಎರಡೂ ಪ್ಲಗ್ ಬಿಚ್ಚಿ ಪಕ್ಕ ಪಕ್ಕ ಇಟ್ಟು ನೋಡಿ. ಬಿಳಿ ಪಿಂಗಾಣಿಯ ಬುಡದಲ್ಲಿ ಕಂದು ಉಂಗುರ ಇರಬೇಕು. ಸುಣ್ಣದಂತೆ ಬೆಳ್ಳಗಿದ್ದರೆ ಲೀನ್, ಒದ್ದೆ ಕಪ್ಪಿದ್ದರೆ ರಿಚ್. ಈಗಿನ ಪೆಟ್ರೋಲಿನಲ್ಲಿ ಬಣ್ಣ ಹಿಂದಿನಷ್ಟು ಸ್ಪಷ್ಟವಾಗಿ ಬರುವುದಿಲ್ಲ, ಹಾಗಾಗಿ ಒಂದೆರಡು ಸಲ ಮಾಡಿ. ಯಾವಾಗಲೂ ದೊಡ್ಡ ಜೆಟ್‌ನಿಂದ ಸಣ್ಣದಕ್ಕೆ ಇಳಿಯಿರಿ. ಸಣ್ಣದರಿಂದ ಹತ್ತಲು ಹೋದರೆ ಮೊದಲ ಪರೀಕ್ಷೆಯೇ ಪಿಸ್ಟನ್ ತಿನ್ನಬಹುದು. ಎರಡು ಪ್ಲಗ್‌ಗಳ ಬಣ್ಣ ಬೇರೆ ಬೇರೆ ಬಂದರೆ ಜೆಟ್ ಬದಲಿಸಬೇಡಿ. ಮತ್ತೆ ಬೂಟು, ಫ್ಲೋಟ್, ಪಾಯಿಂಟ್ ಹತ್ತಿರ ಹೋಗಿ.

ನೀವಿರುವ ಊರಿನ ಎತ್ತರವೂ ಲೆಕ್ಕಕ್ಕೆ ಬರುತ್ತದೆ. ಮೇಲೆ ಹೋದಷ್ಟೂ ಗಾಳಿ ತೆಳುವಾಗಿ ಗಾಡಿ ರಿಚ್ ಆಗುತ್ತದೆ. ಮಂಗಳೂರಿನಲ್ಲಿ ಸರಿಮಾಡಿದ ಗಾಡಿ ಸಾವಿರ ಮೀಟರ್ ದಾಟಿದ ಮಡಿಕೇರಿಯಲ್ಲಿ ಸ್ವಲ್ಪ ಗೊಣಗುತ್ತದೆ, ಅಷ್ಟೇ. ಅದರಿಂದ ಎಂಜಿನ್‌ಗೆ ಕೇಡಿಲ್ಲ. ಭಯಪಡಬೇಕಾದ್ದು ಇಳಿಯುವವರು. ಬೆಂಗಳೂರು ಸುಮಾರು 900 ಮೀಟರ್ ಎತ್ತರದಲ್ಲಿದೆ. ಅಲ್ಲಿ ಕೊನೇ ಹನಿಯವರೆಗೂ ಬಿಗಿಯಾಗಿ ಲೀನ್ ಮಾಡಿ ಪಿಕಪ್ ಕಂಡುಕೊಂಡ ಗಾಡಿ ಶಿರಾಡಿ ಇಳಿದು ಕರಾವಳಿ ಸೇರಿದರೆ ದಟ್ಟ ಗಾಳಿಗೆ ಇನ್ನೂ ಲೀನ್ ಆಗುತ್ತದೆ. ಘಟ್ಟ ಇಳಿದು ಹೈವೇಯಲ್ಲಿ ರೇಸ್ ಕೊಡುವ ಯೋಚನೆ ಇದ್ದರೆ ಹೊರಡುವ ಮೊದಲೇ ಮೇನ್ ಜೆಟ್ ಒಂದು ನಂಬರ್ ಏರಿಸಿಕೊಳ್ಳಿ. ಹಳೆಯ ಜೊತೆಯನ್ನು ಸಣ್ಣ ಡಬ್ಬಿಯಲ್ಲಿ ಹಾಕಿ ಸೀಟಿನ ಕೆಳಗೆ ಇಟ್ಟಿರಿ.

ಎರಡು ವಾರಕ್ಕಿಂತ ಹೆಚ್ಚು ದಿನ ಗಾಡಿ ನಿಲ್ಲಿಸುವುದಿದ್ದರೆ ಪೆಟ್ರೋಲ್ ಟ್ಯಾಪ್ ಮುಚ್ಚಿ, ಎರಡೂ ಬೌಲ್ ಖಾಲಿ ಮಾಡಿ. ಜೆಟ್ ನಂಬರ್, ಕ್ಲಿಪ್ ಯಾವ ಕಚ್ಚಿನಲ್ಲಿದೆ, ಏರ್ ಸ್ಕ್ರೂ ಎಷ್ಟು ಸುತ್ತು, ಯಾವ ತಿಂಗಳು ಮಾಡಿದ್ದು, ಇಷ್ಟನ್ನು ಒಂದು ಚೀಟಿಯಲ್ಲಿ ಬರೆದು ಟೂಲ್ ಬಾಕ್ಸ್ ಮುಚ್ಚಳದ ಒಳಬದಿಗೆ ಅಂಟಿಸಿ. ಎಡಕ್ಕೊಂದು ಸಾಲು, ಬಲಕ್ಕೊಂದು ಸಾಲು.